ಒಂದು ಬಕೆಟ್ ಹಿತ್ತಾಳೆ ಕೇಸು ಆರಿಸೋದು, ನನ್ನ ಅನುಭವ

ಹೋದ ತಿಂಗಳು ರಾತ್ರಿ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಅಮೆರಿಕದಿಂದ ದೊಡ್ಡಪ್ಪನ ಮಗ ವಿಡಿಯೋ ಕಾಲ್ ಮಾಡ್ದ. ಕ್ಯಾಮೆರಾ ತಿರುಗಿಸಿ ಒಂದು ಬಕೆಟ್ ತೋರಿಸ್ದ, ತುಂಬಾ ರೈಫಲ್ದು ಹೊಡೆದಾದ ಖಾಲಿ ಕೇಸುಗಳು, ಅಂದ್ರೆ ಗುಂಡು ಹಾರಿದ ಮೇಲೆ ಉಳಿಯೋ ಹಿತ್ತಾಳೆ ಕೊಳವೆ. ಶೂಟಿಂಗ್ ರೇಂಜಲ್ಲಿ ಯಾರೋ ವಯಸ್ಸಾದವರು ನನಗೆ ಇನ್ನು ಬೇಡಪ್ಪ ಅಂತ ಕೊಟ್ಟುಬಿಟ್ರಂತೆ. "ಅಣ್ಣ, ತೊಳೆದು ಲೋಡ್ ಮಾಡಕ್ಕೆ ಶುರು ಮಾಡ್ಲಾ?" ಅಂದ. ನಿಲ್ಲಿಸು ಮಾರಾಯ, ಮೊದಲು ಆರಿಸು ಅಂದೆ.

ನಾನು ಹನ್ನೊಂದು ವರ್ಷ ಮಿಸೌರಿಯಲ್ಲಿದ್ದೆ, ಗ್ರೀನ್ ಕಾರ್ಡ್ ಬಂದ ಮೇಲೆ ಟಾರ್ಗೆಟ್ ಶೂಟಿಂಗ್ ಕಲಿತೆ, ಅದರ ಜೊತೆಗೇ ರೀಲೋಡಿಂಗೂ, ಅಂದ್ರೆ ಖಾಲಿ ಕೇಸಿಗೆ ಮತ್ತೆ ಮದ್ದು, ಬುಲೆಟ್ ತುಂಬಿ ಹೊಸ ಗುಂಡು ಮಾಡೋದೂ ಕಲಿತೆ. ಈಗ ಹಾಸನಕ್ಕೆ ವಾಪಸ್ ಬಂದಿದೀನಿ, ಆ ಸಾಮಾನೆಲ್ಲಾ ಅಲ್ಲೇ ಬಿಟ್ಟು ಬಂದೆ. ಇಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರು ಮಾಡೋದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ, ನೆನಪಿಗೆ ಅಂತ ಒಂದು ಖಾಲಿ ಕೇಸ್ ಬ್ಯಾಗಲ್ಲಿ ಇಟ್ಕೊಂಡ್ರೂ ಏರ್‌ಪೋರ್ಟಲ್ಲಿ ತಲೆನೋವು, ಹಂಗಾಗಿ ಇದನ್ನ ಓದಿ ಇಲ್ಲಿ ಯಾರೂ ಟ್ರೈ ಮಾಡಕ್ಕೆ ಹೋಗ್ಬೇಡಿ. ಕಾನೂನು ಪ್ರಕಾರ ಅದಕ್ಕೆ ಅವಕಾಶ ಇರೋ ದೇಶದಲ್ಲಿರೋ ನಮ್ಮವರಿಗೆ ಅಂತ ಬರೀತಿದೀನಿ.

ಆರಿಸೋದು ನಂಗೆ ಹೇಳಿಕೊಟ್ಟಿದ್ದು ಅಮೆರಿಕದವರಲ್ಲ, ನಮ್ಮಮ್ಮ. ಅಮ್ಮ ಇಲ್ಲೇ ಒಂದು ಕಾಫಿ ಕ್ಯೂರಿಂಗಲ್ಲಿ ಬೀಜ ಆರಿಸ್ತಿದ್ರು, ರಜಾ ದಿನ ನಾನೂ ಹೋಗಿ ಪಕ್ಕದಲ್ಲಿ ಕೂರ್ತಿದ್ದೆ. ನಾನು ಕಪ್ಪು ಬೀಜ, ಒಡಕು, ಹುಳ ತಿಂದಿದ್ದು ಎಲ್ಲಾನೂ ಒಂದೇ ಸಲಕ್ಕೆ ಹುಡುಕಕ್ಕೆ ಹೋಗಿ ಅರ್ಧಕ್ಕರ್ಧ ಬಿಡ್ತಿದ್ದೆ. "ಒಂದು ಸಲಕ್ಕೆ ಒಂದೇ ನೋಡು. ಮೊದಲು ಬರೀ ಕಪ್ಪು ತೆಗಿ, ಆಮೇಲೆ ಒಡಕು" ಅನ್ನೋರು. ಅಷ್ಟು ವರ್ಷ ಹಿತ್ತಾಳೆ ಕೇಸು ಆರಿಸಿದ್ದೂ ನಾನು ಇದೇ ಥರ, ಒಂದು ಸುತ್ತಿಗೆ ಒಂದೇ ಪ್ರಶ್ನೆ.

ಮೊದಲನೇ ಸುತ್ತು, ಹೊಡೆಯದೇ ಇರೋ ಜೀವಂತ ತೋಟಾ ಏನಾದ್ರೂ ಸೇರಿದ್ಯಾ ಅಂತ, ಅದು ಮುಗಿಯೋವರೆಗೂ ಯಾವ ಮಿಷಿನ್ನಿಗೂ ಹಾಕೋ ಹಾಗಿಲ್ಲ. ಹಿಂದ್ಗಡೆ ಮದ್ದಿಗೆ ಕಿಡಿ ಹೊತ್ತಿಸೋ ಪ್ರೈಮರ್ ಮೇಲೆ, ಅಂದ್ರೆ ನಮ್ಮ ಮಲೆನಾಡಲ್ಲಿ ಕೇಪು ಅಂತೀವಲ್ಲ ಅದರ ಮೇಲೆ, ಬಂದೂಕಿನ ಪಿನ್ನು ಹೊಡೆದ ಗುರುತು ಇಲ್ಲದಿದ್ರೆ ಅದನ್ನ ಬೇರೆ ಇಡಬೇಕು. ಎರಡನೇದು ಮ್ಯಾಗ್ನೆಟ್. ನೋಡಕ್ಕೆ ಹಿತ್ತಾಳೆ ಥರಾನೇ ಇರೋ ಕೆಲವು ಕೇಸು ಒಳಗೆ ಸ್ಟೀಲು, ಮ್ಯಾಗ್ನೆಟ್ಟಿಗೆ ಅಂಟಿಕೊಳ್ತು ಅಂದ್ರೆ ಗುಜರಿಗೆ. ಈ ಕೆಲಸ ಮಾಡುವಾಗ ಗ್ಲೌಸ್ ಹಾಕ್ಕೊಳಿ, ತಿಂಡಿ ಕಾಫಿ ಪಕ್ಕದಲ್ಲಿ ಇಟ್ಕೋಬೇಡಿ, ಕೇಪಿನ ಮಸಿಯಲ್ಲಿ ಸೀಸ ಇರುತ್ತೆ, ಮಕ್ಕಳಿರೋ ಮನೆಯಲ್ಲಂತೂ ಇನ್ನೂ ಜೋಪಾನ.

ಆಮೇಲೆ ಕ್ಯಾಲಿಬರ್, ಅಂದ್ರೆ ಯಾವ ಅಳತೆಯ ಗುಂಡಿನ ಕೇಸು ಅನ್ನೋದು. ತಳದಲ್ಲಿ ಬರೆದಿರುತ್ತಲ್ಲ, ಓದಿ ಬೇರೆ ಮಾಡಿದ್ರಾಯ್ತು ಅಂತ ಎಲ್ಲರೂ ಅಂದ್ಕೊಳ್ತಾರೆ, ಆದ್ರೆ ತಳದ ಬರಹ ಒಂದನ್ನೇ ನಂಬೋ ಹಾಗಿಲ್ಲ. ಪಾಯಿಂಟ್ 223 ಕೇಸನ್ನ ಕತ್ತರಿಸಿ 300 ಬ್ಲ್ಯಾಕೌಟ್ ಅನ್ನೋ ಬೇರೆ ಅಳತೆಯ ಕೇಸ್ ಮಾಡ್ಕೊಳೋರು ತುಂಬಾ ಜನ ಇದ್ದಾರೆ, ತಳದಲ್ಲಿ 223 ಅಂತಾನೇ ಇರುತ್ತೆ, ಕೇಸ್ ಮಾತ್ರ 300ದು. ಎರಡಕ್ಕೂ ತಳ ಒಂದೇ, ರೈಫಲಿಗೆ ಗುಂಡು ತುಂಬೋ ಮ್ಯಾಗಝೀನೂ ಒಂದೇ, ಉದ್ದ ಮಾತ್ರ 223ದು 44.7 ಮಿ.ಮೀ., 300ದು 34.7. ಲೋಡ್ ಆದ 300 ಗುಂಡು ತಪ್ಪಿ 223 ರೈಫಲಿಗೆ ಹೋಗಿ ಟ್ರಿಗರ್ ಒತ್ತಿದ್ರೆ ದಪ್ಪ ಬುಲೆಟ್ಟು ಸಣ್ಣ ನಳಿಗೆಯಲ್ಲಿ ಸಿಕ್ಕಿಹಾಕ್ಕೊಂಡು ರೈಫಲ್ಲೇ ಒಡೆದುಹೋಗುತ್ತೆ. ಪಾಯಿಂಟ್ 308, 243, 7 ಎಂಎಂ-08 ಇವು ಮೂರೂ ಒಂದೇ ತಾಯಿ ಮಕ್ಕಳಿದ್ದ ಹಾಗೆ, ತಳ ಒಂದೇ, ಕತ್ತಿನ ಅಗಲ ಮಾತ್ರ ಬೇರೆ. ಹಂಗಾಗಿ ನಾನು 7.82 ಮಿ.ಮೀ. ದಪ್ಪದ 308 ಬುಲೆಟ್ ಒಂದನ್ನ ಕೈಯಲ್ಲಿಟ್ಕೊಂಡು ಪ್ರತಿ ಕೇಸಿನ ಬಾಯಿಗೂ ಇಟ್ಟು ನೋಡ್ತಿದ್ದೆ, ಹೊಡೆದಾದ 308 ಆದ್ರೆ ಸರಾಗ ಇಳಿಯುತ್ತೆ. ಇಳೀಲಿಲ್ಲ ಅಂದ್ರೆ ಕ್ಯಾಲಿಪರ್ ತಗೊಂಡು ಅಳತೆ.

ಮುಂದಿನ ಸುತ್ತಿಗೆ ಟಾರ್ಚ್ ಬೇಕು. ಬಾಯಿಂದ ಒಳಗೆ ಬೆಳಕು ಬಿಟ್ರೆ ತಳದ ಮಧ್ಯ ಒಂದೇ ತೂತು ಕಾಣ್ಬೇಕು, ಅದು ಬಾಕ್ಸರ್ ಅನ್ನೋ ನಮೂನೆ. ಎರಡು ಸಣ್ಣ ತೂತು ಕಂಡ್ರೆ ಬರ್ಡಾನ್ ನಮೂನೆ, ಹಳೇ ಕೇಪು ತೆಗೆಯೋ ಪಿನ್ನು ಮುರಿಯುತ್ತೆ, ಬೇಡ. ಎರಡೂ ಕಂಡುಹಿಡಿದವರ ಹೆಸರೇ, ಬರ್ಡಾನ್ ಅಮೆರಿಕದವರು, ಅವರದ್ದು ಯೂರೋಪಲ್ಲಿ ನಡೀತು, ಬಾಕ್ಸರ್ ಇಂಗ್ಲೆಂಡಿನವರು, ಅವರದ್ದು ಅಮೆರಿಕದಲ್ಲಿ ನಡೀತು, ನಂಗೆ ಇದು ಯಾವಾಗ್ಲೂ ಆಶ್ಚರ್ಯ.

ಮಿಲಿಟರಿ ಕೇಸು ಬೇರೆ ಮಾಡೋದು ಕಷ್ಟ ಇಲ್ಲ. ವೃತ್ತದೊಳಗೆ ಕೂಡುವ ಚಿಹ್ನೆ ಇದ್ರೆ ನ್ಯಾಟೋ ಸೇನೆಗಳ ಅಳತೆದು. ಎಲ್‌ಸಿ ಅಂತ ಇದ್ದು ಎರಡಂಕಿ ವರ್ಷ ಇದ್ರೆ ಲೇಕ್ ಸಿಟಿ, 1941ರಿಂದ ಮಿಸೌರಿಯ ಇಂಡಿಪೆಂಡೆನ್ಸಲ್ಲಿರೋ ಫ್ಯಾಕ್ಟರಿ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಇವನ್ನ ಯಾಕೆ ಬೇರೆ ಇಡಬೇಕು ಅಂದ್ರೆ, ಗೋಡೆ ದಪ್ಪ. ಹೊರಗಿಂದ ಒಂದೇ ಅಳತೆಯ ಎರಡು ಪಾತ್ರೆ ಇದ್ರೂ ದಪ್ಪ ತಳದ ಪಾತ್ರೇಲಿ ಹಾಲು ಕಮ್ಮಿ ಹಿಡಿಯುತ್ತಲ್ಲ, ಹಂಗೆ. ಒಳಗೆ ಜಾಗ ಕಮ್ಮಿ, ಅಷ್ಟೇ ಮದ್ದು ಹಾಕಿದ್ರೆ ಪ್ರೆಶರ್ ಜಾಸ್ತಿ. ನಾನು ತೂಗಿದಾಗ ಸಿವಿಲಿಯನ್ 308 ಕೇಸು 10.2 ಗ್ರಾಂ ಆಸುಪಾಸು, ಲೇಕ್ ಸಿಟಿದು 11.7 ಹತ್ತಿರ ಬರ್ತಿತ್ತು. ಮಿಲಿಟರಿ ಕೇಸಲ್ಲಿ ಪ್ರೈಮರ್ ಸುತ್ತ ಒತ್ತಿ ಬಿಗಿ ಮಾಡಿರೋದ್ರಿಂದ ಆ ಬಿಗಿ ಬಿಡಿಸದೆ ಹೊಸ ಕೇಪು ಕೂರಿಸಕ್ಕೂ ಆಗಲ್ಲ. ಒಂದು ಸಲ ಹೀಗೆ ಆರಿಸುವಾಗ ಓಎಫ್‌ವಿ ಅಂತ ಬರೆದಿರೋ ಕೇಸ್ ಸಿಕ್ತು, ಮಹಾರಾಷ್ಟ್ರದ ವರಣಗಾಂವ್ ಆರ್ಡನೆನ್ಸ್ ಫ್ಯಾಕ್ಟರಿದು. ಅಷ್ಟು ದೂರದಲ್ಲಿ ನಮ್ಮ ದೇಶದ ಕೇಸ್ ಕೈಗೆ ಸಿಕ್ಕಾಗ ಸ್ವಲ್ಪ ಹೊತ್ತು ಸುಮ್ನೆ ಹಿಡ್ಕೊಂಡು ಕೂತಿದ್ದೆ.

ಈಗ ನಾನು ಕೈಮುಗಿದು ಹೇಳೋ ಸುತ್ತು. ರೀಲೋಡಿಂಗ್ ಶುರು ಮಾಡಿದ ಎರಡನೇ ವರ್ಷ ನೆಲದಿಂದ ಆಯ್ದ 308 ಕೇಸನ್ನ ಕತ್ತು ಚೆನ್ನಾಗಿದೆ, ಬಿರುಕಿಲ್ಲ ಅಂತ ಲೋಡ್ ಮಾಡಿದ್ದೆ. ಹೊಡೆದೆ, ಮುಖಕ್ಕೆ ಬಿಸಿ ಗಾಳಿ ರಪ್ ಅಂತ ಬಡೀತು, ಬೋಲ್ಟ್ ಎಳೆದ್ರೆ ಬೆರಳಗಲದ ಹಿತ್ತಾಳೆ ತಳ ಮಾತ್ರ ಬಂತು, ಉಳಿದ ಕೇಸು ನಳಿಗೆಯೊಳಗೇ. ಕನ್ನಡಕ ಹಾಕಿದ್ದೆ, ಕಣ್ಣು ಉಳೀತು. ಆ ಕೇಸನ್ನ ನನಗಿಂತ ಮುಂಚೆ ಯಾರು ಯಾವ ರೈಫಲಲ್ಲಿ ಎಷ್ಟು ಸಲ ಹೊಡೆದಿದ್ರೋ, ಪ್ರತಿ ಸಲ ಹಿಗ್ಗಿ ಹಿಗ್ಗಿ ತಳದ ಮೇಲ್ಗಡೆ ಒಳಗಿಂದ ತೆಳ್ಳಗಾಗಿರುತ್ತೆ, ಹೊರಗೆ ಕೆಲವು ಸಲ ಒಂದು ಹೊಳೆಯೋ ಗೆರೆ ಕಾಣುತ್ತೆ, ಕೆಲವು ಸಲ ಅದೂ ಇಲ್ಲ. ಅವತ್ತಿಂದ ಒಂದು ಪೇಪರ್ ಕ್ಲಿಪ್ ಬಿಡಿಸಿ, ತುದಿ ಚೂಪು ಮಾಡಿ, ಸಣ್ಣ ಕೊಕ್ಕೆ ಥರ ಬಗ್ಗಿಸಿ ಇಟ್ಕೊಂಡೆ. ಕೇಸಿನೊಳಗೆ ತಳದವರೆಗೂ ಇಳಿಸಿ, ಗೋಡೆಗೆ ಒತ್ತಿ ಹಿಡಿದು ನಿಧಾನ ಮೇಲಕ್ಕೆ ಎಳೀಬೇಕು. ಒಳ್ಳೇ ಕೇಸಲ್ಲಿ ನುಣ್ಣಗೆ ಬರುತ್ತೆ. ಕೆಟ್ಟಿದ್ರಲ್ಲಿ ತಳದಿಂದ ಸ್ವಲ್ಪ ಮೇಲೆ ತುದಿ ಟಕ್ ಅಂತ ಒಂದು ಗುಳಿಗೆ ಬಿದ್ದು ನಿಲ್ಲುತ್ತೆ, ಅದನ್ನ ಬೆರಳೇ ಹೇಳುತ್ತೆ. ಎಣಿಸಿ ಎಲ್ಲಾ ಕೇಸಿಗೂ ಮಾಡ್ಬೇಕು, ಬೇಜಾರಾಯ್ತು ಅಂತ ನಾಲ್ಕಕ್ಕೊಂದು ನೋಡೋದು ಬೇಡ.

ಬಿರುಕಿಗೆ ಕಣ್ಣಿಗಿಂತ ಕಿವಿ ವಾಸಿ. ಸಂತೇಲಿ ಮಡಕೆ ತಗೊಳೋವಾಗ ಬೆರಳಲ್ಲಿ ಬಡಿದು ನೋಡ್ತೀವಲ್ಲ, ಹಾಗೇ ನಾಲ್ಕೈದು ಕೇಸು ಅಂಗೈಯಲ್ಲಿ ಕುಲುಕಿದ್ರೆ ಗಟ್ಟಿ ಕೇಸೆಲ್ಲಾ ಗಣ ಗಣ ಅನ್ನುತ್ತೆ, ಕತ್ತು ಸೀಳಿರೋದು ಒಂದಿದ್ರೂ ಬೊದ್ದು ಸದ್ದು ಬರುತ್ತೆ.

ದೊಡ್ಡಪ್ಪನ ಮಗ ಮೂರು ವಾರ ಭಾನುವಾರ ಭಾನುವಾರ ಕೂತು ಆರಿಸ್ದ. ಬೇಡದ್ದನ್ನ ಹಾಗೇ ಬಿಸಾಡಬೇಡ ಕಣೋ, ಇನ್ಯಾರೋ ನಿನ್ನ ಹಾಗೇ ಆಯ್ಕೊಂಡು ಹೋಗ್ತಾರೆ, ಪ್ಲೈಯರಲ್ಲಿ ಬಾಯಿ ಜಜ್ಜಿ ಗುಜರಿಗೆ ಹಾಕು ಅಂದಿದ್ದೆ. ಮೊನ್ನೆ ಮತ್ತೆ ಕಾಲ್ ಮಾಡಿ ಒಂದೇ ಒಂದು ಕೇಸ್ ಕ್ಯಾಮೆರಾ ಹತ್ರ ಹಿಡಿದ. "ಅಣ್ಣ, ಇದ್ರಲ್ಲಿ ಕ್ಲಿಪ್ ಒಂದು ಸಲ ನಿಂತ ಹಾಗಾಯ್ತು, ಇನ್ನೊಂದು ಸಲ ನಿಲ್ಲಲಿಲ್ಲ. ಏನ್ ಮಾಡ್ಲಿ?"

ಪ್ಲೈಯರ್ ಎಲ್ಲಿಟ್ಟಿದೀಯ ಅಂತ ಕೇಳ್ದೆ.