ಅಪರಂಜಿ ಅಂದರೆ ಎಷ್ಟು ಕ್ಯಾರೆಟ್?

‘ಹುಡುಗ ಅಪರಂಜಿ ಕಣ್ರೀ.’ ಮದುವೆ ಮಾತುಕತೆಯಲ್ಲಿ ಹೀಗಂದುಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಅದೇ ಪದ ಒಡವೆ ಅಂಗಡಿಯಲ್ಲಿ ಕಿವಿಗೆ ಬಿದ್ದರೆ ಮಾತ್ರ ಸ್ವಲ್ಪ ಎಚ್ಚರ ಬೇಕು.

ಅಪರಂಜಿ ಅಂದರೆ ಪುಟಕ್ಕಿಟ್ಟು ಶುದ್ಧ ಮಾಡಿದ, ಬೇರೇನೂ ಬೆರೆಯದ ಚಿನ್ನ. ಇವತ್ತಿನ ಲೆಕ್ಕದಲ್ಲಿ 24 ಕ್ಯಾರೆಟ್. ಮನಸ್ಸಲ್ಲಿ ಕಲಬೆರಕೆ ಇಲ್ಲದವರನ್ನು ಹಾಗೆ ಕರೆಯುವುದು ಅದಕ್ಕೇ. ಆದರೆ ದೋಸೆ ಚೆನ್ನಾಗಿದ್ದರೆ ಯಾರೂ ಅಪರಂಜಿ ಅನ್ನುವುದಿಲ್ಲ, ಅದಕ್ಕೆ ‘ಫಸ್ಟ್ ಕ್ಲಾಸ್’ ಇದೆ. ತುಪ್ಪ, ಜೇನುತುಪ್ಪಕ್ಕೆ ‘ಅಪ್ಪಟ’. ಮಾತು ಪೂರ್ತಿ ನಿಜವಾದರೆ ‘ಹದಿನಾರಾಣೆ ಸತ್ಯ’. ರೂಪಾಯಿಗೆ ಹದಿನಾರಾಣೆ ಇದ್ದ ಕಾಲ 1957ಕ್ಕೇ ಮುಗಿದರೂ ಮಾತು ಉಳಿದಿದೆ. ‘ಒರೆಗೆ ಹಚ್ಚಿ ನೋಡು’ ಅನ್ನುವುದೂ ಚಿನ್ನದ್ದೇ ಮಾತು. ಕಪ್ಪು ಒರೆಗಲ್ಲಿನ ಮೇಲೆ ಚಿನ್ನ ಉಜ್ಜಿ, ಗೆರೆಯ ಬಣ್ಣ ನೋಡಿ ಗುಣ ಹೇಳುತ್ತಿದ್ದರು.

ಈಗ ಅಂಗಡಿಗೆ ಹೋಗೋಣ. ‘ಅಪರಂಜಿ ಬಳೆ ಮೇಡಂ’ ಅಂದರೆ ಸುಮ್ನೆ ನಕ್ಕುಬಿಡಿ. ಅಪರಂಜಿ ತೀರಾ ಮೆತ್ತಗೆ. ಅದರಲ್ಲಿ ದಿನಬಳಕೆಯ ಬಳೆ ಮಾಡಿದರೆ ಸೊಟ್ಟಗಾಗುತ್ತದೆ. ಗಟ್ಟಿಯಾಗಲಿ ಅಂತ ತಾಮ್ರ, ಬೆಳ್ಳಿ ಸೇರಿಸುತ್ತಾರೆ. 24 ಪಾಲಿನಲ್ಲಿ 22 ಪಾಲು ಚಿನ್ನವಿದ್ದರೆ 22 ಕ್ಯಾರೆಟ್. ಸಾವಿರಕ್ಕೆ ಲೆಕ್ಕ ಹಾಕಿದರೆ 916. ‘ನೈನ್ ಒನ್ ಸಿಕ್ಸ್’ ಬಂದದ್ದು ಇಲ್ಲಿಂದ. 10 ಗ್ರಾಂ ಸರದಲ್ಲಿ 9.16 ಗ್ರಾಂ ಚಿನ್ನ, ಉಳಿದದ್ದು ಬೆರಕೆ. 18 ಕ್ಯಾರೆಟ್ ಆದರೆ 750. ‘ಕೆಡಿಎಂ’ ಅಂದರೆ ಶುದ್ಧತೆ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಬೆಸುಗೆಗೆ ಕ್ಯಾಡ್ಮಿಯಂ ಬಳಸುವ ಕ್ರಮ. ಅದರ ಹೊಗೆ ಕೆಲಸ ಮಾಡುವವರ ಆರೋಗ್ಯಕ್ಕೆ ವಿಷ.

ಮೊದಲ ಕೆಲಸ, ಭೂತಗನ್ನಡಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಒಡವೆಯ ಒಳಮೈಯಲ್ಲೋ ಕೊಂಡಿಯ ಹತ್ತಿರವೋ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಅಧಿಕೃತ ಮುದ್ರೆಯ, ಮೂರು ಗುರುತು ಇರಬೇಕು: ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೊ) ತ್ರಿಕೋನ ಚಿಹ್ನೆ, 22ಕೆ916 ಅನ್ನುವಂಥ ಶುದ್ಧತೆಯ ಗುರುತು, ಮತ್ತೆ ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ, ಅಂದರೆ ಆ ಒಂದು ಒಡವೆಗೇ ಕೊಟ್ಟ ಪ್ರತ್ಯೇಕ ಸಂಖ್ಯೆ. 2023ರ ಏಪ್ರಿಲ್ 1ರಿಂದ ಈ ಆರು ಸ್ಥಾನದ ಗುರುತು ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. 2 ಗ್ರಾಂಗಿಂತ ಕಡಿಮೆ ತೂಕದ ಮೂಗುಬೊಟ್ಟಿನಂಥವಕ್ಕೆ ವಿನಾಯಿತಿ ಇದೆ.

ಆಮೇಲೆ ಮೊಬೈಲ್ ತೆಗೆಯಿರಿ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ‘ವೆರಿಫೈ ಎಚ್‌ಯುಐಡಿ’ ಒತ್ತಿ, ಆ ಆರು ಸ್ಥಾನ ತುಂಬಿ. ಒಡವೆ ಯಾವ ಬಗೆಯದು, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆಯಾಯಿತು ಎಂದು ಬರುತ್ತದೆ. ಜನ ಎಡವುವುದು ಇಲ್ಲೇ. ಶುದ್ಧತೆ ನೋಡುತ್ತಾರೆ, ಬಗೆ ನೋಡುವುದಿಲ್ಲ. ಕೈಯಲ್ಲಿ ಉಂಗುರ ಇದೆ, ಪರದೆಯಲ್ಲಿ ಓಲೆ ಅಂತ ಬಂದರೆ ಏನೋ ಎಡವಟ್ಟು ಅಂತಲೇ ಅರ್ಥ, ಅಲ್ವಾ?

ಕೊನೆಗೆ ಬಿಲ್. ಒಡವೆಯ ಹೆಸರು, ಚಿನ್ನದ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಬರೆದಿರಲಿ. ಕಲ್ಲು, ಅರಗಿನ ತೂಕಕ್ಕೆ ಚಿನ್ನದ ದುಡ್ಡು ಕೊಡಬೇಡಿ. ಮುಂದೆ ಶುದ್ಧತೆ ಕಡಿಮೆ ಎಂದು ಸಾಬೀತಾದರೆ, ಕೊರತೆಯ ಮೊತ್ತದ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚು ಕೇಳುವ ಹಕ್ಕು ನಿಮಗಿದೆ. ಬಿಲ್ ಇಲ್ಲದಿದ್ದರೆ ಕೇಳುವುದು ಹೇಗೆ?

ಮನೆಯ ಹಳೇ ಒಡವೆಗಳನ್ನೂ ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕ್ ಕೇಂದ್ರದಲ್ಲಿ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ‘ಅಪರಂಜಿ ಕಣೇ’ ಅಂತ ನಮ್ಮಜ್ಜಿ ಕೊಟ್ಟ ಬಳೆ ಹಾಗೇ ಹೋಗಿ ಬಂತು. 20 ಕ್ಯಾರೆಟ್. ಅಮ್ಮ ಆ ಚೀಟಿ ಓದಿ, ಮಡಿಸಿ, ಬಳೆಯ ಡಬ್ಬಿಯಲ್ಲೇ ಇಟ್ಟರು. ಈಗಲೂ ಅದನ್ನು ಅಪರಂಜಿ ಬಳೆ ಅಂತಲೇ ಕರೆಯುತ್ತಾರೆ.