ಓಡಿದ ಕಾಲಿಗೆ ಮಾಲೀಸು: ಎಷ್ಟು ಒತ್ತಬೇಕು, ಎಲ್ಲಿ ಕೈ ಎತ್ತಬೇಕು

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ 15 ಕಿಲೋಮೀಟರ್ ಓಡಿದವರ ಕಾಲು ಅವತ್ತು ರಾತ್ರಿಯವರೆಗೂ ಸುಮ್ಮನಿರುತ್ತದೆ. ಸೋಮವಾರ ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಬೇಕಾಗುತ್ತದೆ. ಈ ನೋವು ಬರುವುದೇ ತಡವಾಗಿ. 24ರಿಂದ 72 ಗಂಟೆಗಳ ನಡುವೆ ಜೋರಾಗಿದ್ದು, ಐದಾರು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಬೆಟ್ಟ ಹತ್ತಿದ್ದಕ್ಕಿಂತ ಇಳಿದದ್ದೇ ಇದಕ್ಕೆ ಹೆಚ್ಚು ಕಾರಣ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಆಗ ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತದೆ, ಉರಿಯೂತ ಶುರುವಾಗುತ್ತದೆ.

ಲ್ಯಾಕ್ಟಿಕ್ ಆಸಿಡ್ಡಿಗೂ ಈ ನೋವಿಗೂ ಸಂಬಂಧವಿಲ್ಲ. ಓಟ ನಿಲ್ಲಿಸಿದ ಒಂದು ಗಂಟೆಯೊಳಗೆ ಅದು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. 'ಒಳಗೆ ಸೇರಿರುವ ಆಸಿಡ್ಡನ್ನು ಹಿಂಡಿ ತೆಗೀತೀವಿ' ಎನ್ನುವವರ ಕೈಗೆ ಕಾಲು ಕೊಡುವ ಮೊದಲು ಎರಡು ಸಲ ಯೋಚಿಸಿ. ಮಾಲೀಸಿನಿಂದ ಆಗುವುದು ಇಷ್ಟೇ: ನೋವು, ಬಿಗಿತ, ದಣಿವಿನ ಭಾರ ಒಂದಿಷ್ಟು ಕಡಿಮೆಯಾಗುತ್ತವೆ. ಕಳೆದ ಶಕ್ತಿ ಬೇಗ ಮರಳುತ್ತದೆ ಎಂದು ಹೇಳಲಾಗುವುದಿಲ್ಲ; ಅದಕ್ಕೆ ಊಟ, ನಿದ್ದೆ ಬೇಕು. ಹಿಂಡಿ ತೆಗೆಯಬೇಕಾದದ್ದು ಒಳಗೆ ಏನೂ ಇಲ್ಲ ಎಂದ ಮೇಲೆ, ಹಲ್ಲು ಕಚ್ಚಿಕೊಂಡು ಸಹಿಸುವಷ್ಟು ಒತ್ತುವುದಕ್ಕೂ ಅರ್ಥವಿಲ್ಲ.

ಯಾವಾಗ ಮುಟ್ಟಲೇಬಾರದು

ಒಂದೇ ಮೀನಖಂಡ ಊದಿಕೊಂಡು, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ದೂರದ ವಿಮಾನ ಪ್ರಯಾಣ ಅಥವಾ ಆಪರೇಷನ್ ಆಗಿದ್ದವರಲ್ಲಂತೂ ಈ ಅನುಮಾನ ಮೊದಲು ಬರಬೇಕು. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಅವತ್ತೇ ಡಾಕ್ಟರಿಗೆ ತೋರಿಸಿ. ವಿಪರೀತ ವ್ಯಾಯಾಮದ ನಂತರ ಸ್ನಾಯು ಊದಿ, ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ಮಾಲೀಸಿನ ಮಾತು ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಿ. ಮೂತ್ರಪಿಂಡಕ್ಕೆ ಪೆಟ್ಟಾಗುವ ಸ್ಥಿತಿ ಅದು.

ಓಡುತ್ತಿರುವಾಗಲೇ 'ಪಟ್' ಎಂದು ಹಿಡಿದ ನೋವು ಸ್ನಾಯು ಹರಿದದ್ದಿರಬಹುದು. ಮೊದಲ ಎರಡು ಮೂರು ದಿನ ಅದನ್ನು ನಾದಬೇಡಿ. ತೊಡೆಗೆ ಏಟು ಬಿದ್ದು ರಕ್ತ ಕಟ್ಟಿದ್ದರೆ ಇನ್ನೂ ಹೆಚ್ಚು ದಿನ ಬಿಡಿ. ಅಂಥ ಜಾಗವನ್ನು ಬಲವಾಗಿ ಉಜ್ಜಿದರೆ ಸ್ನಾಯುವಿನೊಳಗೇ ಮೂಳೆ ಬೆಳೆಯುವುದುಂಟು. 'ಉಳುಕು ತೆಗೆಸುವ' ಅವಸರದಿಂದ ಕೆಡುವ ಪ್ರಕರಣಗಳು ಹೆಚ್ಚಾಗಿ ಈ ಎರಡೇ. ಕಣಕಾಲಿನ ಮೂಳೆಯ ಮೇಲೆ ಒಂದು ಬೆರಳಿಟ್ಟು ತೋರಿಸಬಹುದಾದಷ್ಟು ಜಾಗದಲ್ಲಿ ನೋವಿದ್ದರೆ ಮೂಳೆಯಲ್ಲಿ ಬಿರುಕಿರಬಹುದು. ಎಣ್ಣೆ ಅದಕ್ಕೆ ಔಷಧಿಯಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರು ಡಾಕ್ಟರನ್ನು ಕೇಳದೆ ಮಾಡಿಸಿಕೊಳ್ಳಬಾರದು. ಉಬ್ಬಿದ ರಕ್ತನಾಳಗಳ ಮೇಲೆ ಒತ್ತಡ ಬೇಡ.

ಸಿದ್ಧತೆ

ಓಟ ಮುಗಿಸಿ 10 ನಿಮಿಷ ನಡೆದು, ನೀರು ಕುಡಿದು, ಬೆವರು ಆರಿದ ಮೇಲೆ ಕೂರಿ. ಮೊದಲ ದಿನ ಹಗುರವಾಗಿ ನೀವಿದರೆ ಸಾಕು. ಆಳಕ್ಕಿಳಿಯುವ ಕೆಲಸವನ್ನು ಮಾರನೆಯ ದಿನಕ್ಕಿಡಿ. ರೇಸಿಗೆ ಎರಡು ದಿನ ಇರುವಾಗ ಜೀವನದಲ್ಲೇ ಮೊದಲ ಸಲ ಗಟ್ಟಿ ಮಾಲೀಸು ಮಾಡಿಸಿಕೊಂಡು, ನೋಯುವ ಕಾಲಿನಲ್ಲಿ ಓಟದ ಗೆರೆಗೆ ಬಂದು ನಿಲ್ಲುವವರು ಪ್ರತಿ ವರ್ಷ ಸಿಗುತ್ತಾರೆ.

ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಯಾವುದಾದರೂ ಆದೀತು. ಮೊಣಕಾಲಿನ ಕೆಳಗಿನ ಭಾಗಕ್ಕೆ ಒಂದು ಟೀ ಚಮಚ, ತೊಡೆಗೆ ಎರಡು. ಹೆಚ್ಚು ಸುರಿದುಕೊಂಡರೆ ಕೈ ಜಾರುತ್ತದೆ, ಸ್ನಾಯು ಹಿಡಿತಕ್ಕೆ ಸಿಗುವುದಿಲ್ಲ. ಹಿಡಿತ ಬೇಕೆಂದು ಇನ್ನಷ್ಟು ಬಲ ಹಾಕುತ್ತೀರಿ, ಉಗುರು ಗೀರುತ್ತದೆ. ತೀರಾ ಕಡಿಮೆಯಾದರೆ ರೋಮ ಎಳೆದು ಉರಿಯುತ್ತದೆ. ಎಣ್ಣೆಯನ್ನು ಒಲೆಯ ಮೇಲೆ ಕಾಯಿಸಬೇಡಿ. ಬಟ್ಟಲನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಡಿ. ಡಿಸೆಂಬರಿನ ಬೆಂಗಳೂರಿನಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಗೂ ಇಷ್ಟೇ ಸಾಕು. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಿ, ಹಿತವಾಗಿದ್ದರೆ ಸರಿ. ಖಾರದ ನೋವಿನ ಮುಲಾಮನ್ನು ಮಾಲೀಸಿನ ಎಣ್ಣೆಯಾಗಿ ಬಳಸಬೇಡಿ. ಹತ್ತು ನಿಮಿಷ ತಿಕ್ಕಿದರೆ ಚರ್ಮ ಉರಿದು ಹೋಗುತ್ತದೆ.

ಮೀನಖಂಡ: ಇನ್ನೊಬ್ಬರು ಮಾಡುವಾಗ

ಮೈಸೂರಿನ ಗರಡಿಗಳಲ್ಲಿ ಕಸರತ್ತಿನ ನಂತರ ಪೈಲ್ವಾನರು ಒಬ್ಬರಿಗೊಬ್ಬರು ಮಾಲೀಸು ಮಾಡುವ ರೂಢಿಯಿದೆ. ಅದರಲ್ಲೊಂದು ಲೆಕ್ಕವೂ ಇದೆ: ತನ್ನ ಕಾಲನ್ನು ತಾನೇ ಬಗ್ಗಿ ಹಿಡಿದರೆ ಆ ಕಾಲು ಪೂರ್ತಿ ಸಡಿಲವಾಗುವುದಿಲ್ಲ.

ಬೋರಲು ಮಲಗಿಸಿ, ಪಾದದ ಗಂಟಿನ ಕೆಳಗೆ ಸುತ್ತಿದ ಟವಲ್ ಇಡಿ. ಮೊಣಕಾಲು ಸ್ವಲ್ಪ ಮಡಿಚಿದಾಗಲೇ ಮೀನಖಂಡ ಜೋತುಬೀಳುತ್ತದೆ. ಬೆರಳಿನಿಂದ ಅಲ್ಲಾಡಿಸಿ ನೋಡಿ, ಜೆಲ್ಲಿಯಂತೆ ಅಲುಗಬೇಕು. ಅಲುಗದಿದ್ದರೆ ಟವಲನ್ನು ಇನ್ನೊಂದು ಸುತ್ತು ದಪ್ಪ ಮಾಡಿ.

ಮೊದಲು ನೀವುವುದು. ಎರಡೂ ಅಂಗೈಗಳನ್ನು ಹಿಮ್ಮಡಿಯ ಮೇಲ್ಭಾಗದಲ್ಲಿಟ್ಟು ಮೊಣಕಾಲಿನ ಕಡೆಗೆ ಸಾಗಿಸಿ. ಒಂದು ಸಲ ಮೇಲೆ ಹೋಗಲು ಐದು ಸೆಕೆಂಡಾದರೂ ಹಿಡಿಯಬೇಕು. ದಿಕ್ಕು ಯಾವಾಗಲೂ ಹೃದಯದ ಕಡೆಗೆ. ಬರುವಾಗ ಕೈ ಬರೀ ಸವರಿಕೊಂಡು ಬರಲಿ. ಮೊಣಕಾಲಿನ ಹಿಂದಿನ ಗುಳಿಗೆ ಎರಡು ಬೆರಳು ಕೆಳಗೇ ಕೈ ಎತ್ತಿ. ರಕ್ತನಾಳಗಳೂ ನರವೂ ಅಲ್ಲಿ ಚರ್ಮಕ್ಕೆ ಹತ್ತಿರದಲ್ಲೇ ಹಾದುಹೋಗುತ್ತವೆ. ಎರಡು ನಿಮಿಷ ಇಷ್ಟೇ ಮಾಡಿ. ಬಿಸಿಯಾಗದ ಸ್ನಾಯುವಿಗೆ ನೇರವಾಗಿ ಹೆಬ್ಬೆರಳು ಊರಿದರೆ ಅದು ಇನ್ನಷ್ಟು ಸೆಟೆದುಕೊಳ್ಳುತ್ತದೆ.

ಆಮೇಲೆ ನಾದುವುದು, ಚಪಾತಿ ಹಿಟ್ಟು ನಾದಿದಂತೆಯೇ. ಒಂದು ಕೈ ಸ್ನಾಯುವನ್ನು ಮೂಳೆಯಿಂದ ಎತ್ತಿ ಹಿಡಿದು ಇನ್ನೊಂದು ಕೈಯತ್ತ ತಳ್ಳಲಿ, ಅದು ಮತ್ತೆ ಇದರತ್ತ ತಳ್ಳಲಿ. ಇಡೀ ಅಂಗೈ ಕೂತಿರಬೇಕು. ಬರೀ ಬೆರಳ ತುದಿಯಲ್ಲಿ ಹಿಡಿದರೆ ಅದು ಚಿವುಟುವುದಾಗುತ್ತದೆ. ಮೂರು ನಿಮಿಷದಲ್ಲಿ ಕೆಳಗಿನಿಂದ ಮೇಲಕ್ಕೆ ಎರಡು ಮೂರು ಸುತ್ತು ಬನ್ನಿ. ಕೆಳಗಡೆ ಹುರಿಯಂತೆ ಗಟ್ಟಿಯಾಗಿರುವುದು ಹಿಮ್ಮಡಿಗೆ ಕೂಡುವ ಸ್ನಾಯುರಜ್ಜು. ಅದನ್ನು ಹಿಸುಕಬಾರದು, ಅಕ್ಕಪಕ್ಕ ಹಗುರವಾಗಿ ಸವರಿದರೆ ಸಾಕು.

ನಾದುವಾಗ ಹುಣಸೆ ಬೀಜದಷ್ಟು ಗಟ್ಟಿ ಗಂಟು ಕೈಗೆ ಸಿಗಬಹುದು. ಅಲ್ಲಿ ಹೆಬ್ಬೆರಳಿನ ಮೇಲೆ ಇನ್ನೊಂದು ಹೆಬ್ಬೆರಳಿಟ್ಟು, ತೋಳು ನೇರವಾಗಿರಿಸಿ, ಮೈಭಾರದಿಂದ ನಿಧಾನವಾಗಿ ಒತ್ತಿ ನಿಲ್ಲಿ. ತಿಕ್ಕಬೇಡಿ. ಮಲಗಿರುವವರು ಉಸಿರು ಬಿಡುವಾಗ ಒಂದಿಷ್ಟು ಒಳಗೆ ಇಳಿಯಿರಿ. 20ರಿಂದ 30 ಸೆಕೆಂಡಿನಲ್ಲಿ ಗಂಟು ಕೊಂಚ ಮೆತ್ತಗಾಗುತ್ತದೆ. ಆಗದಿದ್ದರೂ ಬಿಟ್ಟು ಮುಂದೆ ಹೋಗಿ. ಒಂದೇ ಜಾಗಕ್ಕೆ ಮೂರು ಸಲಕ್ಕಿಂತ ಹೆಚ್ಚು ಒತ್ತಿದರೆ ನಾಳೆ ಅಲ್ಲಿ ನೀಲಿ ಕಲೆ ಮೂಡುತ್ತದೆ. ಒತ್ತಡ ಹಿಡಿದಿರುವಾಗಲೇ ಪಾದವನ್ನು ಏಳೆಂಟು ಸಲ ಮೇಲೆ ಕೆಳಗೆ ಆಡಿಸಲು ಹೇಳಿದರೆ, ಇನ್ನೂ ಬಲ ಹಾಕದೆಯೇ ಆಳ ಸಿಗುತ್ತದೆ.

ಎಷ್ಟು ಒತ್ತಬೇಕು? ಹತ್ತಕ್ಕೆ ಐದು ಅಥವಾ ಆರು: 'ನೋವಿದೆ, ಆದರೆ ಹಿತವಾಗಿದೆ' ಎನ್ನುವ ಮಟ್ಟ. ಕೇಳಿದರೆ 'ಪರವಾಗಿಲ್ಲ, ಒತ್ತಿ' ಎಂದೇ ಎಲ್ಲರೂ ಹೇಳುವುದು. ಅದಕ್ಕೇ ಬಾಯಿಯ ಮಾತಿಗಿಂತ ಕಾಲಿನ ಬೆರಳುಗಳನ್ನು ನೋಡಿ. ಬೆರಳು ಮುದುರಿದರೆ, ಉಸಿರು ಕಟ್ಟಿದರೆ, ಕೈಯ ಕೆಳಗಿನ ಸ್ನಾಯು ಕಲ್ಲಾದರೆ ಒತ್ತಡ ಮಿತಿ ದಾಟಿದೆ. ಚುರುಕ್ ಎಂದು ಕರೆಂಟು ಹೊಡೆದಂತಾದರೆ, ಪಾದ ಜೋಮು ಹಿಡಿದರೆ ನೀವು ನರದ ಮೇಲಿದ್ದೀರಿ. ತಕ್ಷಣ ಕೈ ತೆಗೆದು ಒಂದಿಂಚು ಆಚೆ ಹೋಗಿ.

ಕೊನೆಗೆ ಒಂದು ನಿಮಿಷ ಮತ್ತೆ ನೀವಿ ಮುಗಿಸಿ. ಒಂದು ಮೀನಖಂಡಕ್ಕೆ ಎಲ್ಲಾ ಸೇರಿ 8ರಿಂದ 10 ನಿಮಿಷ. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಪಟ್ಟುಗಳಿಗೆ ಎಫ್ಲುರಾಜ್, ಪೆಟ್ರಿಸಾಜ್ ಎಂದು ಫ್ರೆಂಚ್ ಹೆಸರುಗಳಿವೆ. ನೀವು, ನಾದು, ಒತ್ತು, ತಟ್ಟು ಎಂಬ ಮಾತುಗಳಿರುವ ನಮಗೆ ಅವುಗಳ ಹಂಗಿಲ್ಲ. ತಟ್ಟುವುದನ್ನು ಇಲ್ಲಿ ಬೇಕೆಂದೇ ಬಿಟ್ಟಿದೆ, ನೋಯುವ ಕಾಲಿಗೆ ಅದರಿಂದ ಲಾಭವಿಲ್ಲ.

ಒಬ್ಬರೇ ಇದ್ದರೆ

ತೊಡೆಯ ಮುಂಭಾಗಕ್ಕೆ ಅಡುಗೆಮನೆಯ ಲಟ್ಟಣಿಗೆ ಒಳ್ಳೆಯ ಸಾಧನ. ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೂರಿ, ಮಂಡಿಚಿಪ್ಪಿಗೆ ನಾಲ್ಕು ಬೆರಳು ಮೇಲಿನಿಂದ ತೊಡೆಸಂದಿನ ಕೆಳಗಿನವರೆಗೆ ಉರುಳಿಸಿ. ಒಂದು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್, ಅದಕ್ಕಿಂತ ವೇಗ ಬೇಡ. ಒಂದು ತೊಡೆಗೆ ಎರಡು ನಿಮಿಷ. ಬಟ್ಟೆಯ ಮೇಲೆಯೇ ಮಾಡಬಹುದು, ಎಣ್ಣೆ ಬೇಡ. ಚಪಾತಿಗೆ ಬೇರೆ ಲಟ್ಟಣಿಗೆ ಇಟ್ಟುಕೊಳ್ಳಿ.

ತೊಡೆಯ ಹಿಂಭಾಗಕ್ಕೆ ಗಟ್ಟಿ ಕುರ್ಚಿಯ ಮೇಲೆ ಟೆನಿಸ್ ಚೆಂಡಿಟ್ಟು ಅದರ ಮೇಲೆ ತೊಡೆಯೂರಿ, ಮೊಣಕಾಲನ್ನು ನಿಧಾನವಾಗಿ ನೀಡಿ ಮಡಿಚಿ. ಅಂಗಾಲಿಗೆ ಅರ್ಧ ಲೀಟರಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ ಫ್ರೀಜರಿನಲ್ಲಿಡಿ. ಪೂರ್ತಿ ತುಂಬಿದರೆ ಸೀಳುತ್ತದೆ. ಸಾಕ್ಸ್ ಹಾಕಿಕೊಂಡು ಅದರ ಮೇಲೆ ಅಂಗಾಲನ್ನು ಮೂರು ನಾಲ್ಕು ನಿಮಿಷ ಉರುಳಿಸಿ.

ಫೋಮ್ ರೋಲರ್ ಎಂಬ ಗಟ್ಟಿ ಸ್ಪಂಜಿನ ಉರುಳೆಯ ಮೇಲೆ ಮಲಗಿ ತೊಡೆಯ ಹೊರಬದಿಯನ್ನು ಅರೆಯುವುದು ಜಿಮ್ಮುಗಳಲ್ಲಿ ಎಲ್ಲರೂ ಮಾಡುವ ಕೆಲಸ, ಕಣ್ಣೀರು ಬರಿಸುವ ಕೆಲಸ. ಅಲ್ಲಿರುವುದು ಸ್ನಾಯುವಲ್ಲ, ಸೊಂಟದಿಂದ ಮೊಣಕಾಲಿಗೆ ಇಳಿಯುವ ದಪ್ಪ ಪಟ್ಟಿ. ಎಷ್ಟು ಅರೆದರೂ ಅದು ಉದ್ದವಾಗುವುದಿಲ್ಲ. ಬಿಗಿತ ಇರುವುದು ಅದನ್ನು ಎಳೆದು ಹಿಡಿದಿರುವ ಪೃಷ್ಠದ ಸ್ನಾಯುಗಳಲ್ಲಿ. ಗೋಡೆಗೂ ಪೃಷ್ಠಕ್ಕೂ ನಡುವೆ ಚೆಂಡಿಟ್ಟು ಒರಗಿ, ಒಂದೊಂದು ಬದಿಗೆ ಒಂದು ನಿಮಿಷ ಒತ್ತಿ. ಮಸಾಜ್ ಗನ್ ಇದ್ದರೆ ಕಡಿಮೆ ವೇಗದಲ್ಲಿ ಒಂದು ಸ್ನಾಯುವಿಗೆ ಒಂದೆರಡು ನಿಮಿಷ. ಯಂತ್ರದ ಭಾರವೇ ಸಾಕು, ಒತ್ತಬೇಡಿ. ಮೂಳೆ, ಮೊಣಕಾಲಿನ ಹಿಂಬದಿ, ಕುತ್ತಿಗೆಯ ಮುಂಭಾಗಕ್ಕೆ ತಾಗಿಸಲೇಬೇಡಿ.

ಎಣ್ಣೆ ಹಚ್ಚಿದ್ದರೆ 15 ನಿಮಿಷ ಬಿಟ್ಟು ಕಡಲೆಹಿಟ್ಟಿನಿಂದ ತೊಳೆದುಕೊಳ್ಳಿ. ಏಳುವ ಮೊದಲು ಅಂಗಾಲನ್ನು ಹಳೆಯ ಬಟ್ಟೆಯಿಂದ ಒತ್ತಿ ಒರೆಸಿ. ದಣಿದ ಕಾಲು, ಎಣ್ಣೆ, ಬಚ್ಚಲಮನೆಯ ಟೈಲ್ಸು ಮೂರೂ ಒಟ್ಟಿಗೆ ಸೇರಬಾರದು.