ಅಪ್ಪಗ ಬೆನ್ನು ಮಾಡಿ ಹ್ಯಾಂಗ್ ನಿಂದರ್ಲಿ ಸರ್?

ಕಲಬುರಗಿಯ ಗಂಜ್‌ನಲ್ಲಿ ಹಮಾಲಿ ಮಾಡುವ ಒಬ್ಬರು ದಿನಾ ಬೆಳಿಗ್ಗೆ ಮಗಳನ್ನು ಸೈಕಲ್ ಮೇಲೆ ನಮ್ಮ ಕರಾಟೆ ಕ್ಲಾಸಿಗೆ ಕರೆದುಕೊಂಡು ಬರುತ್ತಿದ್ದರು. ಬಾಗಿಲ ಹತ್ತಿರ ಕೂತು ಕೊನೆತನಕ ನೋಡುತ್ತಿದ್ದರು. ಮೂರನೇ ವರ್ಷ ಒಂದು ದಿನ ನನ್ನ ಹತ್ತಿರ ಬಂದು, "ನಾನೂ ಕಲೀಬಹುದೇನ್ರಿ ಸರ್? ನಲವತ್ತಾರು ಮುಗ್ದಾವ" ಅಂದರು. ಖುಷಿಯಿಂದ ಸೇರಿಸಿಕೊಂಡೆ. ಮರುದಿನ ಐದೂವರೆಗೆ ಎಲ್ಲರೂ ಸಾಲಾಗಿ ನಿಂತಾಗ ತೊಡಕು ಶುರುವಾಯಿತು.

ನಮ್ಮಲ್ಲಿ ಸಾಲು ವಯಸ್ಸು ನೋಡಿ ನಿಲ್ಲುವುದಿಲ್ಲ, ಬೆಲ್ಟ್ ನೋಡಿ ನಿಲ್ಲುತ್ತದೆ. ಮಗಳು ಗ್ರೀನ್ ಬೆಲ್ಟ್, ಮುಂದಿನ ಸಾಲು. ಅಪ್ಪ ಬಿಳಿ ಬೆಲ್ಟ್, ಕೊನೆಯ ಸಾಲು. ಹುಡುಗಿ ತನ್ನ ಜಾಗ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದಳು. ಕರೆದು ಕೇಳಿದರೆ ಕಣ್ಣಲ್ಲಿ ನೀರು. "ಅಪ್ಪಗ ಬೆನ್ನು ಮಾಡಿ ಹ್ಯಾಂಗ್ ನಿಂದರ್ಲಿ ಸರ್?"

ಹತ್ತು ವರ್ಷದ ಹಿಂದೆ ಆಗಿದ್ದರೆ "ಶಿಸ್ತು ಅಂದ್ರ ಶಿಸ್ತು" ಅಂತ ಗದರಿಸಿ ನಿಲ್ಲಿಸುತ್ತಿದ್ದೆ. ನಾನು ಕಲಿತದ್ದೇ ಹಾಗೆ. ನನಗೆ ಕಲಿಸಿದವರು ತಮ್ಮ ಬೈಕ್ ನಮ್ಮಿಂದ ತೊಳೆಸುತ್ತಿದ್ದರು. ತಡವಾಗಿ ಬಂದರೆ ತೊಡೆಗೆ ಬೆತ್ತ ಬೀಳುತ್ತಿತ್ತು. ಅದನ್ನೇ ಮರ್ಯಾದೆ ಅಂದುಕೊಂಡಿದ್ದೆ. 19ನೇ ವಯಸ್ಸಿಗೆ ನನಗೆ ಬ್ರೌನ್ ಬೆಲ್ಟ್ ಬಂತು. ಅದೇ ವಾರ ಸೇರಿದ ಹುಡುಗನೊಬ್ಬ ನನ್ನನ್ನು "ಅಣ್ಣಾ" ಅಂತ ಕರೆದ. "ಸರ್" ಅನ್ನಲಿಲ್ಲ. ಕುಮಿತೆಯಲ್ಲಿ, ಅಂದರೆ ಇಬ್ಬರು ಎದುರುಬದುರು ಕಾದಾಡುವ ಅಭ್ಯಾಸದಲ್ಲಿ, ಅವನ ಪಕ್ಕೆಲುಬಿಗೆ ಬೇಕಂತಲೇ ಜೋರಾಗಿ ಒದ್ದೆ. ಪಕ್ಕೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತ. ಮರುದಿನ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕ. ಅವನೇ ಮೊದಲು ಮಾತಾಡಿಸಿದ. "ಶರಣ್ರಿ ಸರ್, ಇನ್ನೂ ಕ್ಲಾಸ್ ನಡಸ್ತೀರೇನ್ರಿ?" ಅಂದ. ಆ "ಸರ್" ನನಗೆ ಇವತ್ತಿಗೂ ಚುಚ್ಚುತ್ತದೆ. ಕ್ಷಮಿಸು ಅಂತ ಕೇಳಿದೆ. ಆದರೆ ಅವನ ಕರಾಟೆ ಅಲ್ಲಿಗೇ ನಿಂತುಹೋಗಿತ್ತು, ಅಲ್ವಾ?

ಆಮೇಲೆ ಈ ಬೆಲ್ಟ್ ಎಲ್ಲಿಂದ ಬಂತು ಅಂತ ಓದತೊಡಗಿದೆ. ಸಾವಿರಾರು ವರ್ಷದ ಪದ್ಧತಿ ಅಂತಲೇ ನಾನು ನಂಬಿದ್ದೆ. ಹಾಗೇನೂ ಅಲ್ಲ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಜೂಡೊ ಶಾಲೆ ತೆರೆದರು, ಈಗ ಬ್ಲಾಕ್ ಬೆಲ್ಟಿನವರಿಗೆ ಕೊಡುವ ಡಾನ್ ದರ್ಜೆಯನ್ನು ಮರುವರ್ಷ ಮೊದಲ ಸಲ ಕೊಟ್ಟರು. ಕಾನೊ ಮೂಲತಃ ಮೇಷ್ಟ್ರು. ಕರಾಟೆಗೆ ಅದು ಬಂದದ್ದು ಇನ್ನೂ ತಡವಾಗಿ. ಓಕಿನಾವಾದಿಂದ ಟೋಕಿಯೊಗೆ ಬಂದ ಗಿಚಿನ್ ಫುನಾಕೊಶಿ 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಬ್ಲಾಕ್ ಬೆಲ್ಟಿನ ಆ ಮೊದಲ ದರ್ಜೆಯ ಹೆಸರು 'ಶೊದಾನ್', ಅಂದರೆ ಮೊದಲ ಮೆಟ್ಟಿಲು. ನಮ್ಮಲ್ಲಿ ಬ್ಲಾಕ್ ಬೆಲ್ಟ್ ಬಂತು ಅಂದರೆ ಎಲ್ಲಾ ಮುಗೀತು ಅಂದುಕೊಳ್ಳುತ್ತಾರೆ. ಗುರುವನ್ನು ಕರೆಯುವ 'ಸೆನ್ಸೈ' ಅಂದರೂ ಮೊದಲು ಹುಟ್ಟಿದವನು ಅಂತಷ್ಟೇ. ಆ ಲೆಕ್ಕದಲ್ಲಿ ನಮ್ಮ ಹಮಾಲಿ ಕಾಕಾ ನನಗೇ ಸೆನ್ಸೈ.

ನಮ್ಮ ಕಡೆಯ ಕುಸ್ತಿಯ ತಾಲೀಮಿನಲ್ಲಿ ಬೆಲ್ಟೇ ಇಲ್ಲ. ಚಿಕ್ಕವನಿದ್ದಾಗ ಹೋಗಿ ನೋಡುತ್ತಿದ್ದೆ. ಪೈಲ್ವಾನರು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಇಳಿಯುತ್ತಿದ್ದರು. ಉಸ್ತಾದ್ ಯಾರು ಅಂತ ಯಾರೂ ಹೇಳಬೇಕಿರಲಿಲ್ಲ. ಮಣ್ಣು ಅಗೆದು ಹದ ಮಾಡುವಾಗ ಎಲ್ಲರಿಗಿಂತ ಮೊದಲು ಸಲಿಕೆ ಹಿಡಿಯುತ್ತಿದ್ದವರೇ ಅವರು. ನನ್ನ ಕ್ಲಾಸಿನಲ್ಲಿ ನಾನು ತಂದದ್ದು ಅದನ್ನೇ. ಬ್ರೌನ್, ಬ್ಲಾಕ್ ಬೆಲ್ಟಿನವರು ಕಾಲು ಗಂಟೆ ಮೊದಲು ಬಂದು ಹಾಲ್ ಗುಡಿಸಬೇಕು. ನಾನೂ ಗುಡಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆಯೇ ಮೈಯೆಲ್ಲ ನೀರಿಳಿಯುತ್ತದೆ. ಕೊಡದ ಹತ್ತಿರ ಮೊದಲು ಬಿಳಿ ಬೆಲ್ಟಿನವರು, ಕೊನೆಗೆ ನಾನು. ಕುಮಿತೆಯಲ್ಲಿ ಏಟು ಬಿದ್ದರೆ ಮೊದಲ ಪ್ರಶ್ನೆ ದೊಡ್ಡ ಬೆಲ್ಟಿನವನಿಗೆ. ವೇಗ ಹಿಡಿತದಲ್ಲಿ ಇಡುವುದು ಅವನ ಕೆಲಸ. ಇದರಿಂದ ಇಬ್ಬರು ಬ್ಲಾಕ್ ಬೆಲ್ಟಿನವರು ಬೇಜಾರಾಗಿ ಬಿಟ್ಟುಹೋದರು. ಹೋಗಲಿ ಅಂದೆ.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳನ್ನು ಮುಂದೆ ನಿಲ್ಲು ಅಂತ ಒತ್ತಾಯ ಮಾಡಲಿಲ್ಲ. "ಅಪ್ಪಗ ಬೆಲ್ಟ್ ಕಟ್ಟಲಿಕ್ಕೆ ಬರಲ್ಲ, ಕಟ್ಟಿಕೊಡು" ಅಂದೆ. ಚೀಲದ ಕೊಕ್ಕೆ ಹಿಡಿದು ಹಿಡಿದು ಅವರ ಬೆರಳು ಪೂರ್ತಿ ಮಡಚುವುದಿಲ್ಲ. ಗಂಟು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಅವಳು ಅಪ್ಪನ ಮುಂದೆ ಮೊಣಕಾಲೂರಿ ಕೂತಳು. ಬೆಲ್ಟಿನ ನಡುಭಾಗ ಹೊಕ್ಕುಳ ಮೇಲಿಟ್ಟಳು. ಎರಡು ತುದಿ ಬೆನ್ನ ಹಿಂದೆ ಸುತ್ತಿಸಿ ಮುಂದಕ್ಕೆ ತಂದಳು. ಒಂದನ್ನು ಎರಡೂ ಸುತ್ತಿನ ಕೆಳಗಿಂದ ತೂರಿಸಿ ಮೇಲಕ್ಕೆ ಎಳೆದು ಗಂಟು ಬಿಗಿದಳು. ತುದಿಗಳು ಸಮ ಬಂದಿವೆಯಾ ಅಂತ ಜೋಡಿಸಿ ನೋಡಿದಳು. ಬಂದಿರಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದಳು. ಅಪ್ಪ ಉಸಿರು ಬಿಗಿಹಿಡಿದು ನಿಂತಿದ್ದರು. ಆಮೇಲೆ ಎದುರುಬದುರು ನಿಲ್ಲಿಸಿ "ರೇ" ಅಂದೆ. ಇಬ್ಬರೂ ಒಂದೇ ಸಲ, ಒಂದೇ ಸಮ ಬಗ್ಗಿದರು. ಈ ವಂದನೆಯಲ್ಲಿ ಜೋಡಿಯ ಇಬ್ಬರೂ ಬಗ್ಗುತ್ತಾರೆ, ನನಗೆ ಅದಕ್ಕೇ ಇದು ಇಷ್ಟ. ಮಕ್ಕಳು ನನಗೆ ಬಗ್ಗಿದಷ್ಟೇ ನಾನೂ ಬಗ್ಗುತ್ತೇನೆ. ಗುರುಪೂರ್ಣಿಮೆಗೆ ಕಾಲು ಮುಟ್ಟಲು ಬಂದರೂ ಇಷ್ಟೇ ಸಾಕು ಅನ್ನುತ್ತೇನೆ. ಹುಡುಗಿ ತಾನಾಗಿಯೇ ಮುಂದಿನ ಸಾಲಿಗೆ ಹೋಗಿ ನಿಂತಳು.

ಈಗ ಅವಳು ಬ್ರೌನ್, ಕಾಕಾ ಯೆಲ್ಲೊ. ಬಿಳಿ ಬೆಲ್ಟಿನ ಮಕ್ಕಳು ಅವರನ್ನು ಕಾಕಾ ಅಂತಲೇ ಕರೆಯುತ್ತಾರೆ. ನಾನು ತಿದ್ದಿಲ್ಲ. ಅವರು ಮಾತ್ರ ಕ್ಲಾಸಿನೊಳಗೆ ಮಗಳಿಗೂ "ಹೌದ್ರಿ" ಅನ್ನುತ್ತಾರೆ. ಹೊರಗೆ ಸೈಕಲ್ ಹತ್ತಿದ ಮೇಲೆ "ಕುಂದರು ಯವ್ವಾ, ಗಟ್ಟಿ ಹಿಡಕೋ".

ಹೋದ ವಾರ ಅವಳು ಮೆಲ್ಲಗೆ ಬಂದು, "ಸರ್, ಅಪ್ಪಂದು ಹಿಂದಿನ ಕಾಲಿನ ಹಿಮ್ಮಡಿ ಎದ್ದೇ ಇರ್ತದ, ನೀವೇ ಹೇಳ್ರಿ" ಅಂದಳು. "ನೀನೇ ಹೇಳು" ಅಂದೆ. ಬಹಳ ಹೊತ್ತು ಅಪ್ಪನ ಪಕ್ಕದಲ್ಲೇ ನಿಂತಿದ್ದಳು. ಹೇಳಲಿಲ್ಲ. ಕೆಳಗೆ ಕೂತು, ಅಂಗೈಯಿಂದ ಅವರ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದಳು.